ನಿಂತಲ್ಲಿ ನಿಲ್ಲದ ಸೋಡಿಯಂ

ಕೋಣೆಯ ಮುಕ್ಕಾಲು ಜಾಗ ಸಿಲಿಕಾನಿಗೆ ಅಯಾನುಗಳನ್ನು ತೂರುವ ಯಂತ್ರಕ್ಕೇ ಹೋಗಿದೆ. ಒಂದು ತುದಿಯಲ್ಲಿ ಅಯಾನುಗಳನ್ನು ಹುಟ್ಟಿಸುವ ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಮುಖ ಕಾಣುವಷ್ಟು ನುಣುಪಾದ ಸಿಲಿಕಾನ್ ಬಿಲ್ಲೆ, ನಡುವೆ ಒಂದು ಕಡೆ ಬಾಗಿದ ಉಕ್ಕಿನ ಕೊಳವೆ. ಪಂಪುಗಳು ಒಂದೇ ಸಮನೆ ಗುಂಯ್‌ಗುಡುತ್ತಿವೆ. ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೀರಿ ಹೊರಹಾಕಿದ ಮೇಲೂ ಅವಕ್ಕೆ ಬಿಡುವಿಲ್ಲ. ಪೆಟ್ಟಿಗೆಯೊಳಗಿನ ಪುಟ್ಟ ಒಲೆಯಲ್ಲಿ ಸೋಡಿಯಂನ ಒಂದು ಲವಣ ಕಾಯುತ್ತಿದೆ. ಅದರ ಆವಿ ಬೆಳ್ಳಗೆ ಕಾದ ಟಂಗ್‌ಸ್ಟನ್ ತಗಡಿಗೆ ತಾಗುತ್ತದೆ. ತಾಗಿದ ಪರಮಾಣುಗಳಲ್ಲಿ ಹಲವು ತಮ್ಮ ಹೊರಸುತ್ತಿನ ಒಂಟಿ ಎಲೆಕ್ಟ್ರಾನನ್ನು ತಗಡಿನಲ್ಲೇ ಬಿಟ್ಟು ಧನ ಅಯಾನುಗಳಾಗಿ ಹೊರಬೀಳುತ್ತವೆ. ಆ ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು 5.14 ಎಲೆಕ್ಟ್ರಾನ್ ವೋಲ್ಟ್ ಸಾಕು. ಸೋಡಿಯಂ ಕೊಡುವುದರಲ್ಲಿ ಯಾವತ್ತೂ ಧಾರಾಳಿ.

ಹೊರಬಿದ್ದ ಅಯಾನುಗಳನ್ನು ವಿದ್ಯುತ್ ಕ್ಷೇತ್ರ ಎಳೆದುಕೊಳ್ಳುತ್ತದೆ. ಕೊಳವೆ ಬಾಗಿದ ಕಡೆ ದೊಡ್ಡ ವಿದ್ಯುತ್ಕಾಂತವೊಂದು ಕಾವಲಿಗಿದೆ. 23 ದ್ರವ್ಯಮಾನದ ಸೋಡಿಯಂ ಮಾತ್ರ ಸರಿಯಾಗಿ ತಿರುಗಿ ಮುಂದೆ ಹೋಗುತ್ತದೆ. ಅದಕ್ಕಿಂತ ಹಗುರವಾದದ್ದು ಒಳಗೋಡೆಗೆ, ಭಾರವಾದದ್ದು ಹೊರಗೋಡೆಗೆ ಬಡಿದು ಅಲ್ಲೇ ಮುಗಿಯುತ್ತದೆ. ಒಂದು ಲಕ್ಷ ವೋಲ್ಟಿನ ಇಳಿಜಾರನ್ನು ದಾಟಿ ಬಂದ ಅಯಾನಿನ ವೇಗ ಸೆಕೆಂಡಿಗೆ 900 ಕಿಲೋಮೀಟರು. ಅಷ್ಟು ರಭಸದಿಂದ ಬಂದದ್ದು ಸಿಲಿಕಾನಿನೊಳಗೆ ಒಂದು ಮೈಕ್ರೋಮೀಟರನ್ನೂ ಕ್ರಮಿಸುವುದಿಲ್ಲ. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ ಕಳೆಯುವುದರೊಳಗೆ ಅದರ ಪ್ರಯಾಣ ಮುಗಿದಿರುತ್ತದೆ.

ಬಿಲ್ಲೆಯನ್ನು ಕಿರಣಕ್ಕೆ ನೇರ ಎದುರಾಗಿ ನಿಲ್ಲಿಸಿಲ್ಲ, ಸುಮಾರು 7 ಡಿಗ್ರಿ ಓರೆಯಾಗಿಸಿದ್ದಾರೆ. ಸಿಲಿಕಾನಿನ ಪರಮಾಣುಗಳು ಸಾಲುಸಾಲಾಗಿ, ಲೆಕ್ಕ ತಪ್ಪದೆ ನಿಂತಿರುತ್ತವೆ. ನೇರವಾಗಿ ನೋಡಿದರೆ ಸಾಲುಗಳ ನಡುವೆ ಉದ್ದನೆಯ ಓಣಿಗಳು ತೆರೆದುಕೊಳ್ಳುತ್ತವೆ. ಅಯಾನು ಆ ಓಣಿ ಹಿಡಿದರೆ ಎಷ್ಟು ಆಳಕ್ಕೆ ಇಳಿಯುತ್ತದೆಂದು ಹೇಳಲಾಗದು. ಓರೆಯಾಗಿಸಿದಾಗ ಅದು ಮೊದಲ ಕೆಲವು ಪದರಗಳಲ್ಲೇ ಯಾವುದೋ ಪರಮಾಣುವಿಗೆ ಢಿಕ್ಕಿ ಹೊಡೆಯುತ್ತದೆ. ಪೆಟ್ಟು ತಿಂದ ಪರಮಾಣು ತನ್ನ ಜಾಗ ಬಿಟ್ಟು ಪಕ್ಕದ್ದಕ್ಕೆ ಹೊಡೆಯುತ್ತದೆ, ಅದು ಇನ್ನೊಂದಕ್ಕೆ. ಸಿಲಿಕಾನ್ ಪರಮಾಣುವನ್ನು ಅದರ ಸ್ಥಾನದಿಂದ ಎಬ್ಬಿಸಲು ಬೇಕಾಗುವುದು ಸುಮಾರು 15 ಎಲೆಕ್ಟ್ರಾನ್ ವೋಲ್ಟ್. ಬಂದಿರುವ ಅಯಾನಿನ ಬಳಿ ಒಂದು ಲಕ್ಷವಿದೆ. ಹೀಗಾಗಿ ಒಂದೇ ಒಂದು ಸೋಡಿಯಂ ತಾನು ನಿಲ್ಲುವ ಮುನ್ನ ನೂರಾರು ಪರಮಾಣುಗಳನ್ನು ಎತ್ತಂಗಡಿ ಮಾಡಿರುತ್ತದೆ. ತೂರಿದ ಪ್ರಮಾಣ ಹೆಚ್ಚಾದಂತೆ ಈ ಗಾಯಗಳು ಒಂದಕ್ಕೊಂದು ಕೂಡಿಕೊಂಡು, ಮೇಲ್ಪದರದಲ್ಲಿ ಸಾಲೆಂಬುದೇ ಇಲ್ಲದಂತಾಗುತ್ತದೆ. ನುಣುಪಾಗಿ ಹೊಳೆಯುತ್ತಿದ್ದ ಬಿಲ್ಲೆಯ ಮೇಲೆ, ಕಿರಣ ಬಿದ್ದಷ್ಟು ಜಾಗ ಮಬ್ಬು ಬಣ್ಣಕ್ಕೆ ತಿರುಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಆಮೇಲೆ ಬಿಲ್ಲೆ ಕುಲುಮೆಗೆ ಹೋಗುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ಸಿನ ಕಾವಿನಲ್ಲಿ ಕೆಳಗಿನ ಗಾಯವಾಗದ ಸ್ಫಟಿಕ ಮೇಲಿನ ಚದುರಿದ ಪರಮಾಣುಗಳನ್ನು ಒಂದೊಂದೇ ಪದರವಾಗಿ ಸಾಲಿಗೆ ತಂದುಕೊಳ್ಳುತ್ತದೆ. ರಂಜಕವನ್ನು ತೂರಿದ್ದರೆ ಈ ಹೊತ್ತಿನಲ್ಲಿ ಅದು ಸಿಲಿಕಾನ್ ಪರಮಾಣುವೊಂದರ ಸ್ಥಾನಕ್ಕೇ ಬಂದು ಕೂರುತ್ತಿತ್ತು. ತನ್ನ ಐದು ಎಲೆಕ್ಟ್ರಾನುಗಳಲ್ಲಿ ನಾಲ್ಕನ್ನು ಸುತ್ತಲಿನವರೊಡನೆ ಬಂಧಕ್ಕೆ ಕೊಟ್ಟು, ಐದನೆಯದನ್ನು ವಿದ್ಯುತ್ ಹರಿಸಲು ಬಿಟ್ಟುಕೊಡುತ್ತಿತ್ತು. ನಾಲ್ಕು ಬಂಧಗಳು ಅದನ್ನು ಅಲ್ಲಿ ಕಟ್ಟಿಹಾಕುತ್ತಿದ್ದವು. ಸೋಡಿಯಂನ ಬಳಿ ಕೊಡಲಿಕ್ಕಿರುವುದು ಒಂದೇ ಎಲೆಕ್ಟ್ರಾನು. ಅದು ಯಾರ ಸ್ಥಾನವನ್ನೂ ಹಿಡಿಯದೆ ಪರಮಾಣುಗಳ ನಡುವಿನ ಸಂದಿಯಲ್ಲಿ ನಿಂತು ಆ ಒಂದನ್ನು ಕೊಟ್ಟುಬಿಡುತ್ತದೆ. ಸಿಲಿಕಾನ್ ಎನ್ ಬಗೆಯದಾಗುತ್ತದೆ, ಅಂದರೆ ಎಲೆಕ್ಟ್ರಾನುಗಳಿಂದ ವಿದ್ಯುತ್ ಹರಿಸುವಂಥದ್ದು. ಕೊಡುಗೆ ಎರಡರದ್ದೂ ಒಂದೇ. ಆದರೆ ಸೋಡಿಯಂಗೆ ಸುತ್ತಲಿನವರೊಡನೆ ಯಾವ ಬಂಧವೂ ಇಲ್ಲ. ಕಾವು ಸಿಕ್ಕರೆ ಅದು ಪಕ್ಕದ ಸಂದಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ.

1960ರ ದಶಕದ ಆರಂಭದಲ್ಲೇ ಅಮೆರಿಕದಲ್ಲಿ ಸೋಡಿಯಂ, ಸೀಸಿಯಂನಂಥ ಕ್ಷಾರ ಲೋಹಗಳ ಅಯಾನುಗಳನ್ನು ಸಿಲಿಕಾನಿಗೆ ತೂರಿ ನೋಡಿದ್ದರು. ಎನ್ ಬಗೆಯ ಪದರ ಸಿಕ್ಕಿತು. ಆದರೆ ತೂರಿದ್ದೆಲ್ಲ ದಾನಿಯಾಗಲಿಲ್ಲ. ಕಾಯಿಸುವಾಗ ಒಂದಿಷ್ಟು ಮೇಲ್ಮೈಗೆ ಬಂದುಬಿಡುತ್ತದೆ, ಇನ್ನೊಂದಿಷ್ಟು ತಾನೇ ಮಾಡಿದ ಗಾಯಗಳಲ್ಲಿ ಸಿಕ್ಕಿಹಾಕಿಕೊಂಡು ಸುಮ್ಮನಾಗುತ್ತದೆ. ಚಿಪ್ಪುಗಳನ್ನು ಮಾಡುವವರಿಗೆ ಬೇಕಾದದ್ದು ಹತ್ತು ವರ್ಷ ಕಳೆದರೂ ಹಾಕಿದಲ್ಲೇ ಇರುವ ಮಿಶ್ರಕ. ರಂಜಕ, ಆರ್ಸೆನಿಕ್, ಬೋರಾನ್ ಆ ಪರೀಕ್ಷೆಯಲ್ಲಿ ಪಾಸಾದವು. ಅದೇ ಕುಟುಂಬದ ಲಿಥಿಯಂಗೆ ಮಾತ್ರ ಬೇರೊಂದು ಕೆಲಸ ಸಿಕ್ಕಿತು. ಬಿಸಿ ಮಾಡಿ ವೋಲ್ಟೇಜ್ ಕೊಟ್ಟರೆ ಅದು ಸಿಲಿಕಾನಿನ ದಪ್ಪಕ್ಕೂ ಹರಿದಾಡಿ, ಎಲ್ಲೆಲ್ಲಿ ಎಲೆಕ್ಟ್ರಾನ್ ಕಸಿಯುವ ಬೋರಾನ್ ಇದೆಯೋ ಅಲ್ಲಲ್ಲಿ ಅದರ ಪರಿಣಾಮವನ್ನು ಅಳಿಸಿಹಾಕುತ್ತದೆ. 1960ರ ಸುಮಾರಿಗೆ ಎರಿಕ್ ಪೆಲ್ ತೋರಿಸಿದ ಈ ಉಪಾಯದಿಂದಲೇ ಎಕ್ಸ್ ಕಿರಣಗಳನ್ನು ಅಳೆಯುವ ಸಿಲಿಕಾನ್–ಲಿಥಿಯಂ ಶೋಧಕಗಳು ಹುಟ್ಟಿದವು. ಅಲೆದಾಟ ಕೆಲವೊಮ್ಮೆ ಗುಣವೂ ಆಗಬಲ್ಲದು. ಸೋಡಿಯಂಗೆ ಆ ಒಳ್ಳೆಯ ಹೆಸರು ಬರುವುದಕ್ಕೆ ಮುಂಚೆ ತುಂಬಾ ಕೆಟ್ಟ ಹೆಸರು ಬರಲಿತ್ತು.

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊ, 1964ರ ಆಸುಪಾಸು. ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿಯ ಸಂಶೋಧನಾಲಯ. ಮಾಸ್ ಟ್ರಾನ್ಸಿಸ್ಟರನ್ನು ಬೆಲ್ ಲ್ಯಾಬ್ಸ್‌ನ ಮೊಹಮ್ಮದ್ ಅಟಲ್ಲಾ ಮತ್ತು ಡಾವೊನ್ ಕಾಂಗ್ ಮಾಡಿ ತೋರಿಸಿ ನಾಲ್ಕೈದು ವರ್ಷವಾಗಿದೆ. ಕೆಳಗೆ ಸಿಲಿಕಾನ್, ಅದರ ಮೇಲೆ ತೆಳುವಾದ ಸಿಲಿಕಾನ್ ಡೈಆಕ್ಸೈಡ್ ಪದರ, ಅದರ ಮೇಲೆ ಅಲ್ಯೂಮಿನಿಯಂ ಗೇಟು. ಗೇಟಿಗೆ ಇಷ್ಟು ವೋಲ್ಟು ಕೊಟ್ಟರೆ ಕೆಳಗೆ ವಿದ್ಯುತ್ ಹರಿಯಬೇಕು, ಅದಕ್ಕಿಂತ ಕಡಿಮೆಯಾದರೆ ನಿಲ್ಲಬೇಕು. ಕಾಗದದ ಮೇಲೆ ಇಷ್ಟು ಸರಳವಾದದ್ದು ಬೆಂಚಿನ ಮೇಲೆ ಮಾತು ಕೇಳುತ್ತಿರಲಿಲ್ಲ. ಸ್ವಲ್ಪ ಬಿಸಿಯಾಗಿ ಕೆಲಸ ಮಾಡಿದ ಮೇಲೆ ಅದೇ ಟ್ರಾನ್ಸಿಸ್ಟರು ಬೇರೆಯದೇ ವೋಲ್ಟೇಜಿಗೆ ತೆರೆದುಕೊಳ್ಳುತ್ತಿತ್ತು. ಒಂದೇ ಬಿಲ್ಲೆಯಿಂದ ಬಂದ ಎರಡು ಟ್ರಾನ್ಸಿಸ್ಟರುಗಳ ನಡುವೆ ತಾಳೆಯಿಲ್ಲ. ಇಂಥದ್ದನ್ನು ನಂಬಿ ಕಂಪ್ಯೂಟರು ಕಟ್ಟುವವರು ಯಾರು?

ಬ್ರೂಸ್ ಡೀಲ್, ಎಡ್ ಸ್ನೋ, ಚಿ-ಟಾಂಗ್ ಸಾ, ಮತ್ತು ಆಗಷ್ಟೇ ಬರ್ಕ್ಲಿಯಲ್ಲಿ ಪಿಎಚ್.ಡಿ. ಮುಗಿಸಿ ಬಂದಿದ್ದ ಹಂಗೇರಿ ಮೂಲದ ಆಂಡ್ರೂ ಗ್ರೋವ್. ಈ ನಾಲ್ವರು ಸಮಸ್ಯೆಯ ಬೆನ್ನು ಹತ್ತಿದರು. ಅವರ ಪ್ರಯೋಗದ ಹಂದರ ಸರಳ. ಆಕ್ಸೈಡ್ ಪದರದ ಮೇಲೆ ಲೋಹದ ಚುಕ್ಕೆಯಿಟ್ಟು ಅದರ ಧಾರಕತೆಯನ್ನು ವೋಲ್ಟೇಜಿನ ಎದುರು ಅಳೆಯುವುದು. ರೇಖೆ ಗ್ರಾಫಿನಲ್ಲಿ ಒಂದು ಜಾಗದಲ್ಲಿ ಇಳಿಯುತ್ತದೆ. ಆಮೇಲೆ ಬಿಲ್ಲೆಯನ್ನು ನೂರೈವತ್ತು ಇನ್ನೂರು ಡಿಗ್ರಿಗೆ ಕಾಯಿಸಿ, ಗೇಟಿಗೆ ಧನ ವೋಲ್ಟೇಜ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, ತಣಿಸಿ ಮತ್ತೆ ಅಳೆಯುವುದು. ಈ ಸಲ ರೇಖೆ ಎಡಕ್ಕೆ ಸರಿದಿರುತ್ತದೆ. ಋಣ ವೋಲ್ಟೇಜ್ ಕೊಟ್ಟು ಕಾಯಿಸಿದರೆ ಬಲಕ್ಕೆ ವಾಪಸು. ಅಂದರೆ ಆಕ್ಸೈಡಿನೊಳಗೆ ಧನ ಆವೇಶದ ಏನೋ ಓಡಾಡುತ್ತಿದೆ; ಗೇಟು ತಳ್ಳಿದರೆ ಕೆಳಗೆ, ಎಳೆದರೆ ಮೇಲೆ. ಬೇಕೆಂದೇ ಸೋಡಿಯಂ ಲವಣ ಸೋಕಿಸಿದ ಬಿಲ್ಲೆಗಳಲ್ಲಿ ರೇಖೆ ಇನ್ನೂ ದೂರ ಸರಿಯಿತು. ಅಪರಾಧಿ ಸಿಕ್ಕಿತ್ತು. 1965ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಚಿಪ್ ಉದ್ಯಮದ ಅಡಿಗಲ್ಲುಗಳಲ್ಲೊಂದು. ಗ್ರೋವ್ ಮುಂದೆ ಇಂಟೆಲ್ ಕಂಪನಿಯನ್ನು ಮುನ್ನಡೆಸಿದರು.

ಎಷ್ಟು ಸೋಡಿಯಂ ಇದ್ದರೆ ಕೆಡುತ್ತದೆ? ಆಗಿನ ಆಕ್ಸೈಡುಗಳಂತೆ ಮೈಕ್ರೋಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಪದರ ತೆಗೆದುಕೊಳ್ಳಿ. ಅದರ ತಳದಲ್ಲಿ ಚದರ ಸೆಂಟಿಮೀಟರಿಗೆ ಲಕ್ಷ ಕೋಟಿ ಸೋಡಿಯಂ ಅಯಾನುಗಳು ಕೂಡಿದರೆ ಟ್ರಾನ್ಸಿಸ್ಟರಿನ ವೋಲ್ಟೇಜು ನಾಲ್ಕೂವರೆ ವೋಲ್ಟಿಗೂ ಹೆಚ್ಚು ಸರಿದುಹೋಗುತ್ತದೆ. ಲಕ್ಷ ಕೋಟಿ ಎಂದರೆ ದೊಡ್ಡದೆನಿಸುತ್ತದೆ, ಆದರೆ ಸಿಲಿಕಾನ್ ಮೇಲ್ಮೈಯ ಸುಮಾರು ಏಳುನೂರು ಪರಮಾಣುಗಳಿಗೆ ಒಂದರ ಲೆಕ್ಕ ಅದು. ಅಡುಗೆಮನೆಯ ಪುಡಿ ಉಪ್ಪಿನ ಒಂದು ಹರಳು 60 ಮೈಕ್ರೋಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ, ಅದರಲ್ಲಿರುವ ಸೋಡಿಯಂ ಇದೇ ಲೆಕ್ಕದಲ್ಲಿ 60 ಚದರ ಮೀಟರು ಸಿಲಿಕಾನನ್ನು ಹಾಳುಮಾಡಬಲ್ಲದು. ಬೆಂಗಳೂರಿನ ಒಂದು ಇಪ್ಪತ್ತು–ಮೂವತ್ತರ ಸೈಟಿಗೆ ಹಾಸುವಷ್ಟು ಬಿಲ್ಲೆಗಳು, ಒಂದೇ ಹರಳಿನಿಂದ.

ಉಪ್ಪು ಎಲ್ಲಿಂದ ಬರುತ್ತಿರಲಿಲ್ಲ? ಕೈಬೆವರಿನಿಂದ, ಉಸಿರಿನ ತುಂತುರಿನಿಂದ, ತೊಳೆಯುವ ನೀರಿನಿಂದ. ಕಾದ ಕುಲುಮೆಯ ಇಟ್ಟಿಗೆಯಿಂದ ಹೊರಟ ಸೋಡಿಯಂ ಕ್ವಾರ್ಟ್ಜ್ ಕೊಳವೆಯ ಗೋಡೆಯನ್ನೇ ತೂರಿ ಒಳಗೆ ಬರುತ್ತಿತ್ತು. ಅಲ್ಯೂಮಿನಿಯಂ ಆವಿ ಹಿಡಿಸಲು ಬಳಸುತ್ತಿದ್ದ ಟಂಗ್‌ಸ್ಟನ್ ತಂತಿಯ ಜೊತೆಗೂ ಬರುತ್ತಿತ್ತು. ಫೇರ್‌ಚೈಲ್ಡ್‌ನ ಫ್ರಾಂಕ್ ವಾನ್ಲಾಸ್ ಆ ತಂತಿ ಬಿಟ್ಟು ಎಲೆಕ್ಟ್ರಾನ್ ಕಿರಣದಿಂದ ಅಲ್ಯೂಮಿನಿಯಂ ಕರಗಿಸಿದಾಗ ಟ್ರಾನ್ಸಿಸ್ಟರುಗಳು ಸ್ಥಿರವಾದವು. ಐಬಿಎಂನವರು 1964ರಲ್ಲಿ ಆಕ್ಸೈಡಿನ ಮೇಲೆ ರಂಜಕ ಬೆರೆತ ಗಾಜಿನ ತೆಳು ಪದರ ಎಳೆದರೆ ಅದು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆಂದು ಕಂಡುಕೊಂಡರು. ಆರ್‌ಸಿಎ ಕಂಪನಿಯ ವರ್ನರ್ ಕೆರ್ನ್ 1965ರಲ್ಲಿ ರೂಪಿಸಿದ ತೊಳೆಯುವ ವಿಧಾನದಲ್ಲಿ ಕ್ಷಾರವಾಗಿ ಕಾಸ್ಟಿಕ್ ಸೋಡಾ ಇಲ್ಲ, ಅಮೋನಿಯಾ ಇದೆ. ಲೋಹಗಳನ್ನು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲವಿದೆ. ಆ ತೊಳೆತ ಇವತ್ತಿಗೂ ಪ್ರಪಂಚದ ಚಿಪ್ ಕಾರ್ಖಾನೆಗಳಲ್ಲಿ ನಡೆಯುತ್ತಿದೆ. ಅಲ್ಲಿ ಕೆಲಸಗಾರರು ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ, ಮುಖಕ್ಕೆ ಮಾಸ್ಕು, ಕೈಗೆ ಗವಸು ತೊಟ್ಟು ಓಡಾಡುವುದನ್ನು ಕಂಡವರಿಗೆ ಅವರು ಯಾವುದೋ ವಿಷದಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ವಾಸ್ತವವಾಗಿ ಅಲ್ಲಿ ರಕ್ಷಣೆ ಬೇಕಾಗಿರುವುದು ಬಿಲ್ಲೆಗೆ, ಮನುಷ್ಯನ ಧೂಳಿನಿಂದ ಮತ್ತು ಬೆವರಿನಿಂದ. ಅಂಥ ಕಾರ್ಖಾನೆಯ ಅಯಾನು ಯಂತ್ರಕ್ಕೆ ಸೋಡಿಯಂ ಹಾಕುವ ಮಾತೆತ್ತಿದರೆ ಎಂಜಿನಿಯರುಗಳು ಹೌಹಾರುತ್ತಾರೆ. ಮೊದಲು ಕಂಡ ಯಂತ್ರ ಸಂಶೋಧನಾಲಯದ್ದು, ಸೋಡಿಯಂಗೆಂದೇ ಮೀಸಲಿಟ್ಟದ್ದು.

ಕಾರ್ಖಾನೆ ಹೊರದಬ್ಬಿದ್ದನ್ನು ಭೌತವಿಜ್ಞಾನಿಗಳು ಒಳಕರೆದರು. ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿರುವ ಐಬಿಎಂ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಆಲನ್ ಫೌಲರ್, ಅಲನ್ ಹಾರ್ಟ್‌ಸ್ಟೈನ್ ಮಾಡಿದ ಪ್ರಯೋಗ ಬಲು ಸೊಗಸಾದದ್ದು. ಅವರು ಮಾಸ್ ಟ್ರಾನ್ಸಿಸ್ಟರಿನ ಆಕ್ಸೈಡಿಗೆ ಬೇಕೆಂದೇ ಸೋಡಿಯಂ ಸೇರಿಸಿದರು. ಗೇಟಿನ ವೋಲ್ಟೇಜಿನಿಂದ ತಮಗೆ ಬೇಕಾದಷ್ಟು ಅಯಾನುಗಳನ್ನು ಸಿಲಿಕಾನಿನ ಅಂಚಿಗೆ ತಂದರು. ಆಮೇಲೆ ಇಡೀ ಟ್ರಾನ್ಸಿಸ್ಟರನ್ನು ದ್ರವ ಹೀಲಿಯಂನ ಚಳಿಗೆ, ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಕ್ಕೆ ಇಳಿಸಿದರು. ಅಲ್ಲಿ ಸೋಡಿಯಂ ಕದಲಲಾರದು. ಅಂಚಿನಲ್ಲಿ ನಿಂತ ಒಂದೊಂದು ಅಯಾನೂ ಸಿಲಿಕಾನಿನ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆದು ಹಿಡಿಯುತ್ತದೆ. ಎಲೆಕ್ಟ್ರಾನು ಒಂದು ಅಯಾನಿನ ಹಿಡಿತದಿಂದ ಇನ್ನೊಂದರ ಹಿಡಿತಕ್ಕೆ ಜಿಗಿಯುತ್ತ ಹೋಗುವುದನ್ನು ವಿದ್ಯುತ್ ಅಳತೆಯಲ್ಲಿ ನೋಡಬಹುದು. ಮಿಶ್ರಕ ಹೆಚ್ಚು ಬೇಕೆಂದರೆ ಮತ್ತೆ ಬಿಸಿ ಮಾಡು, ವೋಲ್ಟೇಜ್ ಬದಲಿಸು, ಮತ್ತೆ ತಣಿಸು. ಒಂದೇ ಟ್ರಾನ್ಸಿಸ್ಟರಿನಲ್ಲಿ ಮಿಶ್ರಕದ ಪ್ರಮಾಣವನ್ನು ಹೀಗೆ ಏರಿಸಿ ಇಳಿಸಿ ನೋಡುವ ಸವಲತ್ತು ಕಟ್ಟಿಹಾಕಿಕೊಂಡು ಕೂತ ರಂಜಕದಿಂದ ಎಂದೂ ಸಿಗದು.

ಇನ್ನು ಬಿಸಿಲಿಗೆ ಬರೋಣ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಹಬ್ಬಿದೆ. ಇಂಥ ಕಡೆಗಳಲ್ಲಿ ಫಲಕಗಳನ್ನು ಒಂದರ ಹಿಂದೊಂದು ಜೋಡಿಸಿ ಸಾಲು ಮಾಡುತ್ತಾರೆ. ಸಾಲಿನ ಎರಡು ತುದಿಗಳ ನಡುವೆ 1,000ದಿಂದ 1,500 ವೋಲ್ಟು ಇರುವುದು ಸಾಮಾನ್ಯ. ಫಲಕದ ಅಲ್ಯೂಮಿನಿಯಂ ಚೌಕಟ್ಟು ನೆಲಕ್ಕೆ ಕೂಡಿರುತ್ತದೆ. ಋಣ ತುದಿಯ ಬಳಿಯ ಕೋಶಗಳು ನೆಲಕ್ಕಿಂತ ನೂರಾರು ವೋಲ್ಟು ಕೆಳಗಿರುತ್ತವೆ. ಮೇಲೆ ಹೊದಿಸಿದ ಗಾಜಿನಲ್ಲಿ ಸೋಡಿಯಂ ಧಾರಾಳವಾಗಿದೆ, ಏಕೆಂದರೆ ಅದು ಕಿಟಕಿಗೆ ಹಾಕುವಂಥ ಸೋಡಾ–ಸುಣ್ಣದ ಗಾಜು. ಕಾವು, ಗಾಜಿನ ಮೇಲಿನ ಇಬ್ಬನಿಯ ತೇವ, ಜೊತೆಗೆ ಈ ವೋಲ್ಟೇಜು. ಯಾವ ಯಂತ್ರವೂ ಇಲ್ಲದೆ ಸೋಡಿಯಂ ನಿಧಾನವಾಗಿ ಸಿಲಿಕಾನಿನತ್ತ ಹೊರಡುತ್ತದೆ.

ಪ್ರಪಂಚದ ಹಲವು ಕಡೆ ಫಲಕಗಳು ಹೀಗೆ ಸೊರಗಿದಾಗ, ಒಳಗೆ ಏನಾಗಿದೆಯೆಂದು ಜರ್ಮನಿಯ ಹಾಲೆ ನಗರದ ಫ್ರೌನ್‌ಹೋಫರ್ ಕೇಂದ್ರದ ಫೋಲ್ಕರ್ ನೌಮನ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಿಲಿಕಾನ್ ಸ್ಫಟಿಕದಲ್ಲಿ ಅಲ್ಲಲ್ಲಿ ಒಂದು ಪರಮಾಣು ಹಾಳೆ ತಪ್ಪು ಕ್ರಮದಲ್ಲಿ ಜೋಡಣೆಯಾಗಿರುವ ದೋಷಗಳಿರುತ್ತವೆ. ಸೋಡಿಯಂ ಹೋಗಿ ತುಂಬಿಕೊಂಡದ್ದು ಅವುಗಳಲ್ಲಿ. ಕೋಶದ ಜೀವಾಳವಾದ ಪಿ–ಎನ್ ಸಂಧಿ (ಎರಡು ಬಗೆಯ ಸಿಲಿಕಾನ್ ಕೂಡುವ ಗಡಿ) ಮೇಲ್ಮೈಯಿಂದ ಅರ್ಧ ಮೈಕ್ರೋಮೀಟರೂ ಆಳದಲ್ಲಿಲ್ಲ. ಸೋಡಿಯಂ ತುಂಬಿದ ದೋಷ ಆ ಸಂಧಿಯನ್ನು ಸೀಳಿಕೊಂಡು ಹೋದರೆ ಬೆಳಕಿನಿಂದ ಹುಟ್ಟಿದ ವಿದ್ಯುತ್ತು ಹೊರಗೆ ಬರುವ ಬದಲು ಒಳಗೊಳಗೇ ಸೋರಿಹೋಗುತ್ತದೆ. ರಾತ್ರಿ ಫಲಕಕ್ಕೆ ಹೊರಗಿನಿಂದ ವಿದ್ಯುತ್ ಕೊಟ್ಟು ಅವಕೆಂಪು ಕ್ಯಾಮೆರಾದಲ್ಲಿ ಹಿಡಿದರೆ ಚೆನ್ನಾಗಿರುವ ಕೋಶಗಳು ಬೆಳಗುತ್ತವೆ, ಸೋರುವ ಕೋಶಗಳು ಕಪ್ಪಗೆ ಕಾಣುತ್ತವೆ. ಸಮಾಧಾನದ ಸಂಗತಿಯೆಂದರೆ ಒಳಹೊಕ್ಕ ಸೋಡಿಯಂ ಅಲ್ಲೂ ಖಾಯಮ್ಮಾಗಿ ನೆಲೆಸುವುದಿಲ್ಲ. ವೋಲ್ಟೇಜನ್ನು ತಿರುವುಮುರುವು ಮಾಡಿದರೆ ಅಥವಾ ಕಾಯಿಸಿದರೆ ಬಹಳಷ್ಟು ಹೊರಟುಹೋಗಿ, ಕೋಶ ಚೇತರಿಸಿಕೊಳ್ಳುತ್ತದೆ. ರಾತ್ರಿ ಹೊತ್ತು ಫಲಕಗಳಿಗೆ ತಿರುಗು ವೋಲ್ಟೇಜ್ ಕೊಡುವ ಪೆಟ್ಟಿಗೆಗಳು ಈಗ ಮಾರುಕಟ್ಟೆಯಲ್ಲಿವೆ. ಗಾಜು–ಕೋಶಗಳ ನಡುವೆ ವಿದ್ಯುತ್ತನ್ನು ಚೆನ್ನಾಗಿ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಕುವುದೂ ರೂಢಿಗೆ ಬಂದಿದೆ.

ಅದೇ ಗಾಜು, ಅದೇ ಸೋಡಿಯಂ. ಆದರೆ ಸೌರಕೋಶ ಸಿಲಿಕಾನಿನದ್ದಲ್ಲದಿದ್ದರೆ ಕಥೆ ತಲೆಕೆಳಗು. ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ಸೇರಿದ ತೆಳುಪದರದ ಕೋಶಗಳನ್ನು ಮಾಡುತ್ತಿದ್ದ ಸ್ವೀಡನ್ನಿನ ತಂಡವೊಂದು 1993ರಲ್ಲಿ, ಸೋಡಾ–ಸುಣ್ಣದ ಅಗ್ಗದ ಗಾಜಿನ ಮೇಲೆ ಬೆಳೆಸಿದ ಕೋಶಗಳು ಸೋಡಿಯಂ ಇಲ್ಲದ ಗಾಜಿನ ಮೇಲಿನವಕ್ಕಿಂತ ಚೆನ್ನಾಗಿ ಕೆಲಸ ಮಾಡುವುದನ್ನು ಕಂಡಿತು. ಗಾಜಿನಿಂದ ಹೊರಟ ಸೋಡಿಯಂ ನಡುವಿನ ಮಾಲಿಬ್ಡಿನಂ ಪದರ ದಾಟಿ ಮೇಲೆ ಬಂದು, ಹರಳುಗಳ ಅಂಚುಗಳಲ್ಲಿ ನೆಲೆಯಾಗಿ, ಧನ ಆವೇಶದ ವಾಹಕಗಳನ್ನು ಹೆಚ್ಚಿಸಿತ್ತು. ಉಕ್ಕಿನ ಹಾಳೆಯ ಮೇಲೆ ಬೆಳೆಸುವವರು ಈಗ ಸೋಡಿಯಂ ಫ್ಲೋರೈಡನ್ನು ಕೈಯಾರೆ ಸೇರಿಸುತ್ತಾರೆ. ಸೌರಕೋಶಗಳಾಚೆ, ಟ್ರಾನ್ಸಿಸ್ಟರು ಮಾಡಲು ಬಳಸುವ ಸಿಲಿಕಾನ್ ಕಾರ್ಬೈಡಿನಲ್ಲಿ ಅರ್ಧ ಜಯ, ಅರ್ಧ ಸೋಲು: ಸೋಡಿಯಂ ಸೋಂಕಿದ ವಾತಾವರಣದಲ್ಲಿ ಆಕ್ಸೈಡ್ ಬೆಳೆಸಿದರೆ ಅದು ಬೇಗ ಬೆಳೆಯುತ್ತದೆ, ಅಂಚಿನಲ್ಲಿ ಎಲೆಕ್ಟ್ರಾನುಗಳು ಸಲೀಸಾಗಿ ಹರಿಯುತ್ತವೆ. ಆದರೆ ಓಡಾಡುವ ಅಯಾನುಗಳಿಂದಾಗಿ ಆ ಟ್ರಾನ್ಸಿಸ್ಟರನ್ನು ಯಾರೂ ನಂಬಿ ಕೊಳ್ಳಲಾರರು.

ಸೋಡಿಯಂ ನಿಜವಾಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡಲು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿರುವ ಐಸೋಲ್ಡೆ ಎಂಬ ಪ್ರಯೋಗ ಘಟಕಕ್ಕೆ ಹೋಗಬೇಕು. ಅಲ್ಲಿ ತೂರುವುದು ವಿಕಿರಣಶೀಲ ಸೋಡಿಯಂ–24 ಅನ್ನು. ಅದರ ಅರ್ಧಾಯುಷ್ಯ 15 ಗಂಟೆ. ಸ್ಫಟಿಕದೊಳಗೆ ನಿಂತ ಅಯಾನು ಕ್ಷಯಿಸುವಾಗ ಎಲೆಕ್ಟ್ರಾನೊಂದನ್ನು ಚಿಮ್ಮುತ್ತದೆ. ಆ ಎಲೆಕ್ಟ್ರಾನು ಹೊರಬರುವ ದಾರಿಯನ್ನು ಪರಮಾಣುಗಳ ಸಾಲುಗಳೇ ತಿದ್ದುತ್ತವೆ. ಸೋಡಿಯಂ ಸಾಲಿನಲ್ಲೇ ಕೂತಿದ್ದರೆ ಶೋಧಕದ ಪರದೆಯ ಮೇಲೆ ಒಂದು ಬಗೆಯ ಚಿತ್ತಾರ, ಸಂದಿಯಲ್ಲಿದ್ದರೆ ಇನ್ನೊಂದು ಬಗೆ. ಜಿಂಕ್ ಆಕ್ಸೈಡಿನಲ್ಲಿ ಎರಡೂ ಕಂಡವು. ಸತುವಿನ ಸ್ಥಾನ ಹಿಡಿದ ಸೋಡಿಯಂ ಎಲೆಕ್ಟ್ರಾನನ್ನು ತೆಗೆದುಕೊಳ್ಳುವಂಥದ್ದು, ಸಂದಿಯಲ್ಲಿ ನಿಂತದ್ದು ಕೊಡುವಂಥದ್ದು. ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ. ಸೋಡಿಯಂನಿಂದ ಆ ವಸ್ತುವನ್ನು ಪಿ ಬಗೆಯದಾಗಿಸುವ ಆಸೆ ಕೈಗೂಡುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ. ಎಷ್ಟು ಹಾಕಿದಿರಿ ಎಂಬ ಪ್ರಶ್ನೆಗೆ ಯಂತ್ರದ ಮೀಟರು ಉತ್ತರ ಕೊಡುತ್ತದೆ. ವಸ್ತುವಿನ ಗುಣವನ್ನು ನಿರ್ಧರಿಸುವುದು ಹಾಕಿದ್ದು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದು.

ಈ ಅಲೆದಾಟವನ್ನೇ ನೆಚ್ಚಿಕೊಂಡು ಹೊಸ ಸಿಲಿಕಾನನ್ನೇ ಮಾಡಿದವರೂ ಇದ್ದಾರೆ. ಅಮೆರಿಕದ ಕಾರ್ನೆಗಿ ಸಂಸ್ಥೆಯಲ್ಲಿ ತಿಮೋತಿ ಸ್ಟ್ರೋಬೆಲ್ ಮತ್ತು ಸಂಗಡಿಗರು ಸೋಡಿಯಂ, ಸಿಲಿಕಾನ್ ಎರಡನ್ನೂ ಸೇರಿಸಿ ಲಕ್ಷ ವಾತಾವರಣಗಳ ಒತ್ತಡದಲ್ಲಿ ಕಾಯಿಸಿದರು. ನಾಲ್ಕು ಸೋಡಿಯಂಗೆ ಇಪ್ಪತ್ತನಾಲ್ಕು ಸಿಲಿಕಾನಿನ ಲೆಕ್ಕದಲ್ಲಿ ಒಂದು ಸ್ಫಟಿಕ ಬೆಳೆಯಿತು; ಅದರ ತುಂಬ ಉದ್ದುದ್ದ ಕಾಲುವೆಗಳು, ಕಾಲುವೆಗಳ ತುಂಬ ಸೋಡಿಯಂ. ಒತ್ತಡ ಇಳಿಸಿ, ನಿರ್ವಾತದಲ್ಲಿಟ್ಟು, ನೂರು ಡಿಗ್ರಿಗಿಂತ ತುಸು ಮೇಲಕ್ಕೆ ಕಾಯಿಸಿ ದಿನಗಟ್ಟಲೆ ಬಿಟ್ಟರು. ಸೋಡಿಯಂ ಆ ಕಾಲುವೆಗಳ ಗುಂಟ ಹೊರಬಂದು ಖಾಲಿಯಾಯಿತು. ಉಳಿದದ್ದು ಅಪ್ಪಟ ಸಿಲಿಕಾನ್, ಆದರೆ ನಾವು ಬಲ್ಲ ಜೋಡಣೆಯದ್ದಲ್ಲ. ನಮ್ಮ ಚಿಪ್ಪುಗಳ ಸಿಲಿಕಾನ್ ಬೆಳಕನ್ನು ಹೀರಲು ಮೈಗಳ್ಳ, ಸೂಸಲು ಇನ್ನೂ ಮೈಗಳ್ಳ. 2014ರಲ್ಲಿ ಪ್ರಕಟವಾದ ಈ ಹೊಸ ಸಿಲಿಕಾನಿನ ಶಕ್ತಿ ಅಂತರ (ಬಂಧದಲ್ಲಿರುವ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ) ಸುಮಾರು 1.3 ಎಲೆಕ್ಟ್ರಾನ್ ವೋಲ್ಟ್; ಬೆಳಕಿನೊಡನೆ ಅದರ ವ್ಯವಹಾರ ಹೆಚ್ಚು ನೇರ. ಫೇರ್‌ಚೈಲ್ಡ್‌ನ ಗ್ರಾಫಿನಲ್ಲಿ ರೇಖೆಯನ್ನು ಅತ್ತಿತ್ತ ಎಳೆದಾಡಿದ್ದ ಗುಣವೇ ಇಲ್ಲಿ ಕೆಲಸ ಮಾಡಿದ್ದು. ಸೋಡಿಯಂ ರಂಜಕದಂತೆ ಬಂಧ ಕಟ್ಟಿಕೊಂಡು ಕೂತಿದ್ದರೆ ಆ ಕಾಲುವೆಗಳು ತೆರವಾಗುತ್ತಿರಲಿಲ್ಲ, ಈ ಸಿಲಿಕಾನೂ ಇರುತ್ತಿರಲಿಲ್ಲ.